ದೊರೆಯ ಕಂದು ಕನ್ನಡಕ

ಜಜ್ಜಿಹೋದ ಕಾರುಗಳನ್ನು ಸರಿಮಾಡಿ ಬಣ್ಣ ಹೊಡೆಯುವ ಆ ಶೆಡ್‌ನಲ್ಲಿ ಒಂಬತ್ತು ಜನ ಕೆಲಸ ಮಾಡುತ್ತಾರೆ. ಎಂಟು ಜನರ ಬಟ್ಟೆಗೆ ಬಣ್ಣ ಮೆತ್ತಿಕೊಂಡಿರುತ್ತದೆ. ಒಂಬತ್ತನೆಯವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತೋಳು ಕೂಡ ಮಡಚದೆ, ಬಣ್ಣ ಬೆರೆಸುತ್ತಾರೆ. ಬೆನ್ನ ಹಿಂದೆ ಅವರಿಗೆ ದೊರೆ ಎಂದು ಹೆಸರು. ಅದು ಕಿವಿಗೆ ಬಿದ್ದ ದಿನ ಅವರಿಗೆ ಸಿಟ್ಟು ಬರಲಿಲ್ಲ. ಇಷ್ಟು ತಡವಾಯಿತಲ್ಲ ಎಂಬಂತೆ ಮುಗುಳ್ನಕ್ಕರು.

ಕೆಲಸವೇನೋ ಸಣ್ಣದಲ್ಲ. ಬಿಸಿಲಲ್ಲಿ ನಿಂತ ಕಾರು ವರ್ಷ ಕಳೆದಂತೆ ಮಾಸುತ್ತದೆ. ಡಬ್ಬಿಯ ಮೇಲಿನ ನಂಬರು ನಂಬಿ ಹೊಸ ಬಾಗಿಲಿಗೆ ಬಣ್ಣ ಹೊಡೆದರೆ ತೇಪೆ ಹಾಕಿದಂತೆ ಕಾಣುತ್ತದೆ. ಆದ್ದರಿಂದ ಬೆರೆಸಿದ ಬಣ್ಣವನ್ನು ಮೊದಲು ಅಂಗೈಯಗಲದ ಕಾರ್ಡಿಗೆ ಹೊಡೆದು, ಒಣಗಿಸಿ, ಅಂಗಳದ ಬಿಸಿಲಿಗೆ ಒಯ್ದು, ಕಾರಿಗೆ ಆನಿಸಿ ನೋಡಬೇಕು. ಟ್ಯೂಬ್‌ಲೈಟಿನ ಬೆಳಕು ಸುಳ್ಳು ಹೇಳುತ್ತದೆ. ದೊರೆ ನೋಡಿ ‘ಹೂಂ’ ಎನ್ನುವವರೆಗೆ ಬಣ್ಣ ಸಿಂಪಡಿಸುವ ಗನ್ನಿಗೆ ಅದನ್ನು ತುಂಬುವಂತಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಅವರು ಸಂಪಾದಿಸಿದ್ದು ಈ ಒಂದು ಹೂಂ. ಅದನ್ನು ಅವರು ಯಾರಿಗೂ ಕಲಿಸಲಿಲ್ಲ. ಗನ್ನು ಹಿಡಿಯುವವನು ಅವರ ಹೆಂಡತಿಯ ತಮ್ಮನೇ. ಅವನು ಒಮ್ಮೆ ಕಾರ್ಡಿನತ್ತ ಕತ್ತು ಚಾಚಿದ್ದಕ್ಕೆ, ಕತ್ತೆಗೂ ಕಣ್ಣಿರುತ್ತದೆ ಎಂದಿದ್ದರು.

ಐವತ್ತಾರನೇ ವಯಸ್ಸಿಗೆ ಡಬ್ಬಿಯ ಮೇಲಿನ ಅಕ್ಷರಗಳು ಕೈಕೊಟ್ಟವು. ಅಕ್ಷರ ಚಿಕ್ಕದು ಮಾಡಿದ್ದಾರೆ ಎಂದು ದೊರೆ ಕಂಪನಿಯನ್ನು ಬೈದರು. ಒಂದು ವರ್ಷ ಬೈದ ಮೇಲೆ, ಯಾರಿಗೂ ಹೇಳದೆ ಕಣ್ಣು ಪರೀಕ್ಷೆ ಮಾಡಿಸಿ, ಚೀಟಿ ಹಿಡಿದು ಕನ್ನಡಕದ ಅಂಗಡಿಗೆ ಹೋದರು.

ಅಂಗಡಿಯಾಕೆ ತನ್ನ ಕೆಲಸ ಬಲ್ಲ ಹೆಂಗಸು. ಫ್ರೇಮು ತೋರಿಸುವ ಮೊದಲು, ಏನು ಕೆಲಸ ಮಾಡುತ್ತೀರಿ ಎಂದು ಕೇಳಿದಳು. ದೊರೆಗೆ ಅದನ್ನು ಸಹಿಸಲಾಗಲಿಲ್ಲ. ಎದುರಿನ ಕನ್ನಡಿಯಲ್ಲಿ ಇಸ್ತ್ರಿಯ ಅಂಗಿ ಕಾಣುತ್ತಿತ್ತು. ಕಾರಿನ ಶೆಡ್ಡೊಂದಿದೆ, ಸ್ವಂತದ್ದು, ಮೇಲ್ವಿಚಾರಣೆ ಅಷ್ಟೇ ನಮ್ಮದು ಎಂದರು. ಬಿಸಿಲಲ್ಲಿ ಓಡಾಟ ಉಂಟೇ ಎಂದಳು. ಉಂಟು ಎಂದರು. ಹಾಗಾದರೆ ಬಿಸಿಲಿಗೆ ತಾನಾಗಿಯೇ ಬಣ್ಣ ಏರಿ, ಒಳಗೆ ಬಂದರೆ ತಿಳಿಯಾಗುವ ಗಾಜಿದೆ ಎಂದಳು. ಬೂದು ಬಣ್ಣದ್ದು, ಕಂದು ಬಣ್ಣದ್ದು ಎಂದು ಎರಡನ್ನೂ ಕಿಟಕಿಯ ಬಿಸಿಲಿಗೆ ಹಿಡಿದು ತೋರಿಸಿದಳು. ಕಂದು ಮುಖಕ್ಕೆ ಒಪ್ಪುತ್ತಿತ್ತು. ಆಕೆ ಒಂದು ಮಾತು ಸೇರಿಸಿದಳು:

“ಬಟ್ಟೆ, ಪೇಂಟು ಅಂತ ಬಣ್ಣ ನೋಡೋ ಕೆಲಸ ಇದ್ರೆ ಇದು ಬೇಡ ಸರ್. ಕಂದು ಗಾಜು ನೀಲಿನ ನುಂಗಿಬಿಡುತ್ತೆ. ಅಂಥೋರಿಗೆ ತಿಳಿಗಾಜೇ ಸರಿ.”

“ಅದಕ್ಕೆಲ್ಲ ಆಳುಗಳಿದಾರಮ್ಮ,” ಎಂದರು ದೊರೆ. ಹೊರಡುವಾಗ ಶೆಡ್ಡಿನ ವಿಳಾಸ ಬರೆದುಕೊಟ್ಟು, ನಿಮ್ಮ ಕಾರು ತನ್ನಿ, ನಾನೇ ನಿಂತು ಮಾಡಿಸಿಕೊಡುತ್ತೇನೆ ಎಂದು ಉದಾರವಾಗಿ ಆಹ್ವಾನಿಸಿದರು.

ಕನ್ನಡಕ ಬಂತು. ಶೆಡ್ಡಿನೊಳಗೆ ತಿಳಿನೀರಿನಂತಿದ್ದ ಗಾಜು ಅಂಗಳಕ್ಕೆ ಕಾಲಿಟ್ಟು ನೂರು ಎಣಿಸುವಷ್ಟರಲ್ಲಿ ಕಂದಾಗುತ್ತಿತ್ತು. ದೊರೆ ಒಳಗೂ ಹೊರಗೂ ನಾಲ್ಕು ಸಲ ಸುಮ್ಮಸುಮ್ಮನೆ ಓಡಾಡಿದರು. ಎಲ್ಲರೂ ನೋಡಿದರು. ಬಣ್ಣವನ್ನು ಬಿಸಿಲಲ್ಲೇ ನೋಡಬೇಕೆಂದು ಇಪ್ಪತ್ತೆರಡು ವರ್ಷ ಹಟ ಹಿಡಿದ ಮನುಷ್ಯ, ಬಿಸಿಲು ಕಂಡೊಡನೆ ಪರದೆ ಎಳೆದುಕೊಳ್ಳುವ ಕನ್ನಡಕವನ್ನು ಕಾಸು ಕೊಟ್ಟು ತಂದಿದ್ದರು.

ಆ ವಾರ ಡ್ರೈವಿಂಗ್ ಕಲಿಸುವ ಒಬ್ಬ ಟೀಚರಮ್ಮನ ಬೆಳ್ಳಿ ಬಣ್ಣದ ಕಾರಿಗೆ ಹೊಸ ಬಾಗಿಲು ಕೂರಿಸಿದ್ದರು. ದೊರೆ ಕಾರ್ಡು ಹಿಡಿದರು, ತಲೆ ವಾರೆ ಮಾಡಿದರು, ಹೂಂ ಎಂದರು. ಭಾಮೈದ ಕಾರ್ಡನ್ನೂ ಕಾರನ್ನೂ ನೋಡಿ ತಡೆದ.

“ಭಾವ, ನೀಲಿ ಜಾಸ್ತಿ ಅನ್ಸುತ್ತೆ. ಕನ್ನಡಕ ತೆಗೆದು ಒಂದ್ಸಲ ನೋಡ್ತೀರಾ?”

“ನಿಮ್ಮಕ್ಕನ ಮುಖ ನೋಡಿ ಸುಮ್ನಿದೀನಿ. ಹೊಡಿ.”

ಹೊಡೆದ. ಸಂಜೆ ಟೀಚರಮ್ಮ ಬಂದು, ಕಾರಿನ ಸುತ್ತ ಒಂದು ಸುತ್ತು ಹಾಕಿ, ಈ ಬಾಗಿಲನ್ನು ಬೇರೆ ಯಾವ ಕಾರಿನಿಂದ ಬಿಚ್ಚಿ ತಂದಿರಿ ಎಂದು ಕೇಳಿದರು. ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಿ ಎಂದು ದೊರೆ ಅವರಿಗೇ ಬುದ್ಧಿ ಹೇಳಿದರು. ಬಾಗಿಲನ್ನು ಮತ್ತೆ ತಿಕ್ಕಿ ಮತ್ತೆ ಹೊಡೆಯಬೇಕಾಯಿತು. ಮುಂದಿನ ವಾರ ಇನ್ನೊಂದು ಬಾನೆಟ್ಟಿಗೂ ಅದೇ ಗತಿ. ತಪ್ಪು ಡಬ್ಬಿಯದು, ಹವೆಯದು, ಗನ್ನು ಹಿಡಿದವನದು ಎಂದು ದೊರೆ ಸರದಿ ಹಚ್ಚಿದರು. ಬಣ್ಣ ಅಳೆಯುವ ಮಿಷನ್ನೊಂದು ತರಿಸಿದರೆ ಹೇಗೆ ಎಂದು ಶೆಡ್ಡಿನ ನಿಜವಾದ ಮಾಲೀಕರು ಯೋಚಿಸುತ್ತಿದ್ದರು. ಎರಡನೇ ತಪ್ಪಿನ ನಂತರ, ಇನ್ನೊಂದು ಆದರೆ ನಿಮ್ಮ ಹೂಂ ಸಾಕು ಎಂದು ನೇರವಾಗಿಯೇ ಹೇಳಿದರು.

ಮೂರನೆಯ ಕಾರು ಬಂದದ್ದು ಒಂದು ಬುಧವಾರ. ಬೂದು ಬಣ್ಣದ್ದು, ಬಂಪರು ಜಜ್ಜಿತ್ತು. ಬೆಳಿಗ್ಗೆ ಡ್ರೈವರು ಅದನ್ನು ಬಿಟ್ಟುಹೋಗಿದ್ದ; ಮಧ್ಯಾಹ್ನ ಕೆಲಸ ನೋಡಲು ಆಟೋದಿಂದ ಇಳಿದವಳು ಕನ್ನಡಕದ ಅಂಗಡಿಯಾಕೆ. ಮಾಲೀಕರಿದ್ದಾರೆಯೇ ಎಂದು ಕೇಳಿದಳು. ಮಾಲೀಕರು ಹೊರಗೆ ಬಂದರು.

“ನೀವಲ್ಲ,” ಎಂದಳು ಆಕೆ. “ಈ ಶೆಡ್ ಓನರು. ಕಂದು ಗಾಜು ಹಾಕಿಸ್ಕೊಂಡ್ರಲ್ಲ, ಅವರು.”

ಆಕೆಯ ಬೆರಳು ತೋರಿದ ಕಡೆ ದೊರೆ ಅಂಗಳದ ನಡುವೆ, ಕಣ್ಣಿಗೆ ಕಡುಕಂದು ಗಾಜು, ಕೈಯಲ್ಲಿ ಬಣ್ಣದ ಕಾರ್ಡು ಹಿಡಿದು ನಿಂತಿದ್ದರು. ಉಪ್ಪುಕಾಗದ ತಿಕ್ಕುವ ಸದ್ದು ನಿಂತಿತು. ಆಕೆ ಕಾರ್ಡು ನೋಡಿದಳು, ಕನ್ನಡಕ ನೋಡಿದಳು.

“ಬಣ್ಣ ನೋಡೋರು ನೀವೇನಾ ಸರ್? ನಾನು ಕೇಳಿದ್ನಲ್ಲ.”

ದೊರೆ ಬಾಯಿ ತೆರೆದು, ಬಿಸಿಲು ಜಾಸ್ತಿಯಿದೆ ಎಂದರು. ಮಾಲೀಕರು ಕಾರ್ಡನ್ನು ಅವರ ಕೈಯಿಂದ ತೆಗೆದು ಭಾಮೈದನಿಗೆ ಕೊಟ್ಟರು. ಅವನು ಬಂಪರಿಗೆ ಆನಿಸಿ ನೋಡಿದ. ಹೂಂ ಎನ್ನಲಿಲ್ಲ. ಹಳದಿ ಎರಡು ಹನಿ ಬೇಕು ಎಂದ. ದೊರೆ ಒಳಗೆ ಹೋಗಿ ಎರಡು ಹನಿ ಹಾಕಿ ತಂದರು.

ಈಗಲೂ ಹಾಗೆಯೇ ನಡೆಯುತ್ತಿದೆ. ಮಿಷನ್ ಬರಲಿಲ್ಲ, ಬೇಕಾಗಲಿಲ್ಲ. ದೊರೆ ತಿಳಿಗಾಜು ಹಾಕಿಸಿಕೊಂಡು ಬಣ್ಣ ಬೆರೆಸುತ್ತಾರೆ, ಹೂಂ ಎನ್ನುವವನು ಇನ್ನೊಬ್ಬ. ಕಂದು ಗಾಜಿನ ಕನ್ನಡಕ ಮೇಜಿನ ಡ್ರಾಯರಿನಲ್ಲಿರುತ್ತದೆ. ಮನೆಗೆ ಹೊರಡುವಾಗ ಅದನ್ನು ಒರೆಸಿ ಹಾಕಿಕೊಳ್ಳುತ್ತಾರೆ. ಅಷ್ಟು ಹೊತ್ತಿಗೆ ಬಿಸಿಲು ಇಳಿದಿರುತ್ತದೆ. ಗಾಜು ಬಣ್ಣ ಬದಲಿಸುವುದಿಲ್ಲ.