ಎಲ್ಲಿಗೆ ಎಂದು ಕೇಳುವ ದೊಡ್ಡಮ್ಮ

ಒಳ್ಳೆಯ ಕೆಲಸಕ್ಕೆ ಹೊರಟವರನ್ನು ನಮ್ಮ ಬಿಜೂರಿನಲ್ಲಿ ‘ಎಲ್ಲಿಗೆ’ ಎಂದು ಕೇಳುವಂತಿಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತದಂತೆ. ತಿಳಿಯಲೇಬೇಕಿದ್ದರೆ ‘ದೂರವಾ?’ ಎನ್ನಬೇಕು. ಪಕ್ಕದ ಮನೆಯ ದೊಡ್ಡಮ್ಮನಿಗೆ ಮಾತ್ರ ಇದು ನೆನಪೇ ಇರುತ್ತಿರಲಿಲ್ಲ. ನಾನು ಗೇಟು ದಾಟುವುದೇ ತಡ, “ಎಲ್ಲಿಗ್ ಹೊರ್ಟದ್ದ್ ಹೆಣೆ?” ಹೆಣೆ ಎಂದರೆ ನಮ್ಮ ಕಡೆ ಹುಡುಗಿ.

ಬಿ.ಕಾಂ. ಮುಗಿಸಿ ಬೈಂದೂರು, ಬ್ರಹ್ಮಾವರ ಅಂತ ಇಂಟರ್‌ವ್ಯೂಗೆ ಅಲೆದದ್ದೇ ಅಲೆದದ್ದು. ಒಂದು ಕೆಲಸಕ್ಕೆ ಹಾಲ್ ತುಂಬ ಜನ. ಎಲ್ಲರೂ ಕೇಳುವುದು ಒಂದೇ, “ಅನುಭವ ಇದೆಯಾ?” ಅಲ್ಲ ಮಾರಾಯ್ರೆ, ಯಾರಾದರೂ ಕೆಲಸ ಕೊಟ್ಟರಲ್ಲವೇ ಅನುಭವ! ಅಮ್ಮನಿಗೆ ಮಾತ್ರ ಕಾರಣ ಖಚಿತವಿತ್ತು: ಪಕ್ಕದ ಮನೆ.

ಕುಂದಾಪುರದ ಕಚೇರಿಯೊಂದರಿಂದ ಲೆಕ್ಕ ಬರೆಯುವ ಕೆಲಸಕ್ಕೆ ಕರೆ ಬಂತು. ಇದೂ ತಪ್ಪಿದರೆ ಮತ್ತೆ ಅರ್ಜಿ ಹಾಕುವ ಹುಮ್ಮಸ್ಸು ನನ್ನಲ್ಲಿರಲಿಲ್ಲ. “ಈ ಸಲ ಹಿಂದಿನ್ ಬಾಗ್ಲಿಂದ ಹೋಯ್ಕ್. ಅವ್ರ್ ಕೇಂಡ್ರೆ ಮುಗಿತ್!” ಎಂದಳು ಅಮ್ಮ. ಇಸ್ತ್ರಿ ಮಾಡಿದ ಚೂಡಿದಾರ ಹಾಕಿ, ಚಪ್ಪಲಿ ಕೈಯಲ್ಲಿ ಹಿಡಿದು, ಕಳ್ಳಿಯ ಹಾಗೆ ಗದ್ದೆಯ ಅಂಚಿನಲ್ಲಿ ಹೊರಟವಳು ಜಾರಿ ಬಿದ್ದೆ. ಮೊಣಕಾಲಿನವರೆಗೆ ಕೆಸರು.

ಅಲ್ಲೇ ದನಕ್ಕೆ ಹುಲ್ಲು ಕೊಯ್ಯುತ್ತಿದ್ದವರು ಇನ್ಯಾರು? ದೊಡ್ಡಮ್ಮ! ಕೈ ಹಿಡಿದು ಮನೆಗೆ ಎಳೆದುಕೊಂಡು ಹೋದರು, ಬಟ್ಟೆಯ ಕೆಸರು ತೊಳೆದು ಇಸ್ತ್ರಿಯಲ್ಲೇ ಒಣಗಿಸಿಕೊಟ್ಟರು. ಆ ಪ್ರಶ್ನೆ ಮಾತ್ರ ಬರಲೇ ಇಲ್ಲ. ನನಗೇ ಹೆದರಿಕೆಯಾಯಿತು.

“ಎಲ್ಲಿಗೆ ಅಂತ ಕೇಂತಿಲ್ಯಾ ದೊಡ್ಡಮ್ಮ?”

“ಇಲ್ಲ ಮಗಾ. ನಾ ಕೇಂಡದ್ದಕ್ಕೇ ನಿಂಗ್ ಕೆಲ್ಸ ಸಿಕ್ಲಿಲ್ಲ ಅಂಬ್ರ್ ಅಲ್ದಾ?” ಅವರ ಕಣ್ಣು ತುಂಬಿತ್ತು.

“ಕೆಲ್ಸ ಹೋರೆ ಹೋಯ್ಲಿ. ನೀವ್ ಕೇಣಿ ಕಾಂಬ,” ಎಂದೆ.

ಸ್ವಲ್ಪ ತಡೆದುಕೊಂಡರು, ಆಗಲಿಲ್ಲ. “ಎಲ್ಲಿಗ್ ಹೊರ್ಟದ್ದ್ ಹೆಣೆ?”

“ಕುಂದಾಪ್ರಕ್ಕೆ! ಇಂಟರ್‌ವ್ಯೂಗೆ!” ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಕಚೇರಿಯಲ್ಲೂ ಅದೇ ಪ್ರಶ್ನೆ, ಅನುಭವ ಇದೆಯಾ? ನಗು ಇನ್ನೂ ಮುಖದಲ್ಲೇ ಇತ್ತು. “ನೀವು ಕೊಟ್ಟರೆ ನಾಳೆಯಿಂದ ಇರುತ್ತದೆ ಸರ್,” ಎಂದುಬಿಟ್ಟೆ. ಅವರೂ ನಕ್ಕರು. ವಾರದೊಳಗೆ ಕೆಲಸಕ್ಕೆ ಬರಹೇಳಿದರು. ಎಲ್ಲ ಹಿಂಬಾಗಿಲಿನ ಮಹಿಮೆ ಎಂದು ಅಮ್ಮ ಊರಿಡೀ ಹೇಳಿಕೊಂಡು ಬಂದಳು.

ಕೆಲಸದ ಮೊದಲ ದಿನ ಮುಂಬಾಗಿಲಿನಿಂದಲೇ ಹೊರಟೆ. ದೊಡ್ಡಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಜಗಲಿಯಲ್ಲಿ ನಿಂತಿದ್ದರು. ನಾನೂ ಅವರ ಗೇಟಿನೆದುರು ನಿಂತುಬಿಟ್ಟೆ. ಬಸ್ಸಿನ ಹಾರ್ನ್ ಕೇಳಿಸಿದರೂ ಕದಲಲಿಲ್ಲ. ಕೊನೆಗೆ ಅವರೇ ಸೋತು ಸೆರಗು ತೆಗೆದರು.

“ಎಲ್ಲಿಗ್ ಹೊರ್ಟದ್ದ್ ಹೆಣೆ?”

“ಕೆಲ್ಸಕ್ಕೆ, ದೊಡ್ಡಮ್ಮ!” ಎಂದೆ, ನಮ್ಮ ಅಡುಗೆಮನೆಯಲ್ಲಿದ್ದ ಅಮ್ಮನಿಗೂ ಕೇಳುವ ಹಾಗೆ.