ಸೂರ್ಯ ಮುಳುಗಿಲ್ಲವೆಂದ ಡಬ್ಬಿ

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಯಾದಗಿರಿಯಲ್ಲಿ ಬೀದಿದೀಪಗಳ ಉಸ್ತುವಾರಿ ನೋಡುವ ಎಂಜಿನಿಯರ್ ಆಗಿದ್ದೆ. ಕೆಲಸ ಸಣ್ಣದು, ಬೈಗುಳ ದೊಡ್ಡವು. ದೀಪ ಹತ್ತಿತೆಂದು ಇವತ್ತಿನವರೆಗೆ ಒಬ್ಬ ಪುಣ್ಯಾತ್ಮನೂ ಫೋನ್ ಮಾಡಿದ್ದಿಲ್ಲ. ಆ ಜೂನ್‌ನಲ್ಲಿ ಫೋನ್ ಮಾಡಿದವರು ಸುರಪುರ ತಾಲ್ಲೂಕಿನ ತಿಂಥಣಿ ರಸ್ತೆಯ ಒಂದು ಹಳ್ಳಿಯ ಪಂಚಾಯಿತಿ ಅಧ್ಯಕ್ಷೆ ಶಾಂತಮ್ಮ.

"ಸಾಹೇಬ್ರ, ಲೈಟ್ ಹತ್ತವಲ್ವು. ನಮ್ಮ ಹಣಮಂತನೇ ಏನೋ ಕಿತಾಪತಿ ಮಾಡ್ಯಾನ. ನೀವು ಬಂದು ಒಂದು ರಿಪೋರ್ಟ್ ಬರದು ಕೊಡ್ರಿ, ಇವತ್ತೇ ಅವನ್ನ ತಗದು ಹಾಕ್ತೀನಿ."

ಹಣಮಂತ ಆ ಊರಿನ ದಿನಗೂಲಿ ನೌಕರ. ಸಂಜೆ ಸ್ವಿಚ್ ಹಾಕಿ ಬೆಳಗ್ಗೆ ಆರಿಸುವುದೇ ಅವನ ಹೊಟ್ಟೆಪಾಡು. ಈಗ ಆ ಕೆಲಸಕ್ಕೆ ಟೈಮರ್ ಡಬ್ಬಿಯೊಂದು ಬಂದಿತ್ತು. ಊರಿನ ಅಕ್ಷಾಂಶ, ರೇಖಾಂಶ ಹಾಕಿಬಿಟ್ಟರೆ ದಿನದಿನದ ಸೂರ್ಯಾಸ್ತವನ್ನು ತಾನೇ ಲೆಕ್ಕ ಹಾಕಿ ಅದು ದೀಪ ಹಚ್ಚುತ್ತದೆ. ಬಲ್ಬು ಬದಲಿಸಲಿಕ್ಕಾದರೂ ಇರಲಿ ಎಂದು ಹಣಮಂತನನ್ನು ಉಳಿಸಿಕೊಂಡಿದ್ದರು. ಡಬ್ಬಿ ಕೂರಿಸಿದ ಸಂಜೆಯಿಂದಲೇ ಊರು ಕಗ್ಗತ್ತಲು. ಮಷಿನ್ ಮೇಲಿನ ಹೊಟ್ಟೆಕಿಚ್ಚಿಗೆ ಇವನೇ ತಂತಿ ಕಿತ್ತಿದ್ದಾನೆಂದು ಊರಿಗೆ ಊರೇ ತೀರ್ಪು ಕೊಟ್ಟುಬಿಟ್ಟಿತ್ತು.

ನಾನು ಹೋದಾಗ ಮಧ್ಯಾಹ್ನ. ಹಣಮಂತ ಕಂಬದ ಕೆಳಗೆ ಕೈಕಟ್ಟಿ ನಿಂತಿದ್ದ.

"ನಮ್ಮವ್ವನ ಆಣಿ ಸಾಹೇಬ್ರ, ನಾ ಡಬ್ಬಿ ಮುಟ್ಟಿಲ್ರಿ. ಅದರ ಕೀಲಿನೇ ಕೂಡ್ರಿಸಿದ ಗುತ್ತಿಗೆದಾರನ ಕಡೆ ಐತ್ರಿ."

"ಮುಟ್ಟದೇ ಇಷ್ಟು ಮಾಡ್ಯಾನ, ಮುಟ್ಟಿದ್ರ ಊರೇ ಸುಡತಿದ್ದ," ಎಂದರು ಶಾಂತಮ್ಮ.

ಗುತ್ತಿಗೆದಾರನಿಂದ ಕೀಲಿ ತಂದಿದ್ದೆ. ಡಬ್ಬಿ ತೆಗೆದು ಕೈಯಿಂದ ಸ್ವಿಚ್ ಒತ್ತಿದೆ. ಸುಡುಬಿಸಿಲಲ್ಲಿ ಊರಿನ ಅಷ್ಟೂ ದೀಪಗಳು ಹತ್ತಿಕೊಂಡವು. ತಂತಿ ಸರಿ ಇದ್ದವು! ಪರದೆ ನೋಡಿದರೆ ಸೂರ್ಯಾಸ್ತದ ಸಮಯದ ಮುಂದೆ ಬರೀ ಗೆರೆಗಳು. ನನಗೆ ರೇಗಿಹೋಯಿತು. ಸುರಪುರ ತಾಲ್ಲೂಕಿನಲ್ಲಿ ಸೂರ್ಯ ಯಾವಾಗ ಮುಳುಗುತ್ತಾನೆಂದು ಕುರಿಗಳಿಗೂ ಗೊತ್ತು, ಇದಕ್ಕೇನು ಧಾಡಿ? ಕೆಳಗೆ ಕಣ್ಣು ಹಾಯಿಸಿದೆ. ಅಕ್ಷಾಂಶ 76, ರೇಖಾಂಶ 16. ಅಯ್ಯೋ ಶಿವನೇ! ನಮ್ಮದು ಅಕ್ಷಾಂಶ 16, ರೇಖಾಂಶ 76. ಕೂರಿಸಿದ ಮಹಾಶಯ ಎರಡನ್ನೂ ಅದಲುಬದಲು ಮಾಡಿದ್ದ. ನಗು ತಡೆಯಲಾಗದೆ ಕಟ್ಟೆಯ ಮೇಲೆ ಕೂತುಬಿಟ್ಟೆ.

ಸೇರಿದ್ದ ಮಂದಿಗೆ ಬಿಡಿಸಿ ಹೇಳಿದೆ. ಜೂನ್‌ನಲ್ಲಿ ಭೂಮಿಯ ಉತ್ತರದ ತುದಿ ಸೂರ್ಯನ ಕಡೆ ವಾಲಿರುತ್ತದೆ. ನಮ್ಮಲ್ಲಿ ಹಗಲು ಸುಮಾರು ಹದಿಮೂರು ತಾಸು, ಎಪ್ಪತ್ತಾರನೇ ಅಕ್ಷಾಂಶದಲ್ಲಿ ಇಪ್ಪತ್ತನಾಲ್ಕು ತಾಸೂ ಹಗಲೇ. ಡಬ್ಬಿ ತಾನು ನಾರ್ವೆಯಾಚೆಯ ಹಿಮದ ಸಮುದ್ರದಲ್ಲಿದ್ದೇನೆಂದು ತಿಳಿದು, ಸೂರ್ಯ ಮುಳುಗಲೆಂದು ಕಾಯುತ್ತ ಕೂತಿತ್ತು. ಬಿಟ್ಟಿದ್ದರೆ ಆಗಸ್ಟ್‌ವರೆಗೂ ಕಾಯುತ್ತಿತ್ತು.

"ಏನ್ ಹೇಳಾಕತ್ತೀರಿ? ಹೊತ್ತು ಮುಳುಗದಿದ್ರ ಆ ಮಂದಿ ಉಣ್ಣೋದು ಯಾವಾಗ, ಮಲಗೋದು ಯಾವಾಗ?" ಶಾಂತಮ್ಮ ನಂಬಲಿಲ್ಲ.

ಆ ಜಾಗ ಎಷ್ಟು ಬೇರೆಯೆಂದು ತೋರಿಸಲು ಹಣ್ಣಿನ ಗಾಡಿಯಿಂದ ಒಂದು ಮೂಸಂಬಿ ತರಿಸಿ, ಇದೇ ಭೂಮಿ ಎಂದು ಸುಲಿದೆ. ತೊಳೆ ನಡುವೆ ಅಗಲ, ತುದಿಯಲ್ಲಿ ಚೂಪು. ಎರಡು ರೇಖಾಂಶಗಳ ನಡುವಿನ ಜಾಗವೂ ಹೀಗೇ. ಪೂರ್ವಕ್ಕೆ ಒಂದು ಡಿಗ್ರಿ ದಾಟಲು ಇಲ್ಲಿ ನೂರಾ ಏಳು ಕಿಲೋಮೀಟರ್ ಹೋಗಬೇಕು, ಅಲ್ಲಾದರೆ ಬರೀ ಇಪ್ಪತ್ತೇಳು, ಹೆಚ್ಚುಕಡಿಮೆ ಸುರಪುರದಿಂದ ಶಹಾಪುರಕ್ಕೆ ಹೋದಷ್ಟು.

"ಅಂದ್ರ ಬಸ್ ಚಾರ್ಜ್ ಸಸ್ತಾ ಅನ್ರಿ," ಎಂದು ಶಾಂತಮ್ಮ ಭೂಮಿಯ ಒಂದು ತೊಳೆ ಬಾಯಿಗೆ ಹಾಕಿಕೊಂಡರು.

ಅಂಕಿ ತಿದ್ದಿದೆ. ಏಳು ಗಂಟೆಗೆ ಸ್ವಲ್ಪ ಮೊದಲು, ಯಾರೂ ಮುಟ್ಟದೆ, ಸಾಲು ದೀಪ ಪಟಪಟ ಹತ್ತಿದವು.

"ಇರ್ಲಿ ಬಿಡೋ ಹಣಮಂತ, ನಾಳೆ ಕೆಲಸಕ್ಕ ಬಾ," ಎಂದರು ಶಾಂತಮ್ಮ, ದೊಡ್ಡ ಉಪಕಾರ ಮಾಡಿದವರಂತೆ.

"ಬರ್ತೀನ್ರಿ ಅಕ್ಕಾರ. ಆದ್ರ ಕೇಳದೇ ನನ್ನ ಕಳ್ಳನ್ನ ಮಾಡಿದ್ರಲ್ರಿ." ನನಗೆ ಸಂಕಟವಾಯಿತು. ಶಾಂತಮ್ಮ ಸೆರಗು ಸರಿಮಾಡಿಕೊಳ್ಳುತ್ತ ದೀಪ ನೋಡತೊಡಗಿದರು.

ಹೊರಟಾಗ ಅವನು ಜೀಪಿನ ಹತ್ತಿರ ಬಂದ. "ಸಾಹೇಬ್ರ, ಆ ಹೊತ್ತು ಮುಳುಗದ ಊರಾಗ ನನಗೊಂದು ನೌಕರಿ ಸಿಗ್ತದೇನ್ರಿ? ಲೈಟ್ ಹತ್ತಲಿಲ್ಲಂತ ಯಾರೂ ಬೈಯಂಗಿಲ್ಲ."

"ಚಳಿಗಾಲದಾಗ ಅಲ್ಲಿ ತಿಂಗಳುಗಟ್ಟಲೆ ಸೂರ್ಯ ಹುಟ್ಟೋದೇ ಇಲ್ಲಪ್ಪ. ಹಗಲೂ ರಾತ್ರಿ ಲೈಟ್ ಉರಿತಾವ."

"ಹಂಗಾದ್ರ ಬ್ಯಾಡ್ರಿ," ಎಂದ ಹಣಮಂತ. "ಹಗಲೊತ್ತು ಯಾಕ ಉರಿಸಾಕತ್ತಿ ಅಂತ ಅದಕ್ಕೂ ನನ್ನನ್ನೇ ಹಿಡೀತಾರ."

ಅದು ನಿಜವೆಂದು ನನ್ನ ನೌಕರಿಯೂ ಕಲಿಸಿತು. ಯಂತ್ರ ಯಾವ ದಿಕ್ಕಿಗೆ ತಪ್ಪಿದರೂ ಬೈಗುಳ ಅದರ ಪಕ್ಕದಲ್ಲಿ ನಿಂತ ಬಡವನಿಗೇ. ಆಮೇಲಿನ ಎರಡು ವರ್ಷ, ಯಾರ ಮೇಲೆ ದೂರು ಬಂದರೂ ನಾನು ಮೊದಲು ಡಬ್ಬಿಯನ್ನೇ ಕೇಳುತ್ತಿದ್ದೆ: ನೀನು ಯಾವ ಊರಿನಲ್ಲಿದ್ದೀ ಮಾರಾಯ?