ಬೆಂಚಿನ ಕಡೆ ತಿರುಗಿಸಿದ ಕುರ್ಚಿ

ಎಪ್ಪತ್ತರ ದಶಕದಲ್ಲಿ ಶಹಾಬಾದಿನಲ್ಲಿ ಹಲ್ಲಿನ ದವಾಖಾನೆ ಇಟ್ಟಾಗ ನನಗೊಂದು ಹುಚ್ಚು ಹಿಡಿದಿತ್ತು: ಊರಿಗೆ ಊರೇ ತಂಬಾಕು ಬಿಡುವಂತೆ ಮಾಡುವುದು. ಗಂಡಸರು ಸುಣ್ಣ ಹಾಕಿ ತಿಕ್ಕಿದ ತಂಬಾಕನ್ನು ತುಟಿಯೊಳಗೆ ಇಡುತ್ತಿದ್ದರು. ಹೆಂಗಸರು ತಂಬಾಕು ಸುಟ್ಟು ಪುಡಿ ಮಾಡಿದ ಮಿಶ್ರಿಯಿಂದ ಹಲ್ಲುಜ್ಜುತ್ತಿದ್ದರು. ಹಲ್ಲು ಗಟ್ಟಿಯಾಗುತ್ತದೆಂದು ಅತ್ತೆಯೇ ಸೊಸೆಗೆ ಕಲಿಸುತ್ತಿದ್ದಳು. ತಾಳ್ಮೆಯಿಂದ ಹೇಳಿ ನೋಡಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ನನ್ನದೇ ಒಂದು ಪದ್ಧತಿ ಮಾಡಿಕೊಂಡೆ. ತಂಬಾಕಿನ ಬಾಯಿ ಸಿಕ್ಕರೆ ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿ, ಹೊರಗೆ ಬೆಂಚಿನ ಮೇಲೆ ಕಾದು ಕುಳಿತವರಿಗೆಲ್ಲ ಟಾರ್ಚ್ ಬಿಟ್ಟು ತೋರಿಸುವುದು. ನಾಚಿಕೆಯಾದರೆ ಬಿಡುತ್ತಾರೆಂದು ನಂಬಿದ್ದೆ. ಜನ ನಗುತ್ತಿದ್ದರು. ಸುಳ್ಳೇಕೆ, ನನಗೂ ಖುಷಿಯಾಗುತ್ತಿತ್ತು.

ಒಂದು ದಿನ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಗಣಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಒಂಟಿಯಾಗಿ ಬಂದಳು. ವಯಸ್ಸು ಇಪ್ಪತ್ತೈದು ದಾಟಿರಲಿಲ್ಲ. ಕೆನ್ನೆಯ ಒಳಗೆ ಬಿಳಿ ಮಚ್ಚೆ, ನೋವಿರಲಿಲ್ಲ; ಮಿಶ್ರಿ ಬಿಟ್ಟರೆ ಮಾಯಬಹುದು, ಬಿಡದಿದ್ದರೆ ಕ್ಯಾನ್ಸರ್ ಆಗಬಹುದು.

"ಮಿಶ್ರಿ ಬಿಡಬೇಕಂತ ಮಾಡೀನ್ರಿ ಸಾಹೇಬರ. ಬಿಟ್ರ ತಲಿ ಭಾಳ ಸಿಡಿತದ. ಹೆಂಗ ಬಿಡಬೇಕು ಹೇಳ್ರಿ" ಎಂದಳು.

ಅಷ್ಟು ವರ್ಷಗಳಲ್ಲಿ ತಾನಾಗಿ ಹಾಗೆ ಕೇಳಿಕೊಂಡು ಬಂದವಳು ಅವಳೊಬ್ಬಳೇ. ನಾನು ಕುರ್ಚಿ ತಿರುಗಿಸಿದೆ. ಈ ಬಾಯಿಯ ಹತ್ತಿರ ಗಂಡ ಹೇಗೆ ಬರುತ್ತಾನೆಂದು ಬೆಂಚಿನವರನ್ನು ಕೇಳಿದೆ. ಅವರು ಬಿದ್ದು ಬಿದ್ದು ನಕ್ಕರು. ಅವರಲ್ಲಿ ಅವಳ ಗಣಿಯವರೂ ಇಬ್ಬರಿದ್ದರು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದು ಹೋದಳು. ಹೇಗೆ ಬಿಡಬೇಕೆಂದು ನಾನು ಹೇಳಲೇ ಇಲ್ಲ.

ಎರಡು ವರ್ಷದ ಮೇಲೆ ಅವಳನ್ನು ಅವಳ ಅತ್ತೆ ಕರೆತಂದಳು. ಕೆನ್ನೆ ಬಾತು ಹೊರಗೆ ಒಡೆದಿತ್ತು. ನಾನು ಕುರ್ಚಿ ತಿರುಗಿಸಿದ ದಿನದಿಂದ ಗಣಿಯಲ್ಲಿ ಎಲ್ಲರೂ ಅವಳನ್ನು ಕರಿಬಾಯಿ ಎಂದೇ ಕರೆಯುತ್ತಾರಂತೆ. ಅದಕ್ಕೇ ಮತ್ತೆ ಯಾವ ಡಾಕ್ಟರಿಗೂ ಬಾಯಿ ತೋರಿಸಲು ಒಪ್ಪಲಿಲ್ಲವಂತೆ. ನಾನು ಹೈದರಾಬಾದಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದೆ. ಅಲ್ಲಿಯೂ ಮಾಡುವುದೇನೂ ಉಳಿದಿಲ್ಲವೆಂದು ನನಗೆ ಗೊತ್ತಿತ್ತು. ಅವಳನ್ನು ಯಾರೂ ನೋಡಬಾರದೆಂದು ಬಾಗಿಲು ಹಾಕಲು ಎದ್ದೆ.

"ಬಾಗಿಲಾ ಯಾಕ ಹಾಕ್ತೀರಿ ಸಾಹೇಬರ?" ದವಡೆ ಬಿಗಿದು ಮಾತು ಹಲ್ಲಿನ ಸಂದಿಯಿಂದ ಬರುತ್ತಿತ್ತು. "ಎಲ್ಲಾರಿಗೂ ತೋರಸ್ರಿ. ಈಗರ ನೋಡಿ ಬಿಡ್ತಾರ."

ತಾನೇ ಕುರ್ಚಿಯನ್ನು ಬೆಂಚಿನ ಕಡೆ ತಿರುಗಿಸಿಕೊಂಡಳು. ನಾನು ಟಾರ್ಚ್ ಹಿಡಿದೆ. ಅವಳ ಬಾಯಿ ಒಂದು ಬೆರಳಿನಷ್ಟೂ ತೆರೆಯಲಿಲ್ಲ. ಬೆಂಚಿನವರಿಗೆ ಬಾಯೊಳಗಿನದು ಏನೂ ಕಾಣಲಿಲ್ಲ.